ಕೆಂಪು, ನೀಲ, ಪುಷ್ಯರಾಗ: ಹರಳು ಕೊಳ್ಳುವ ಮುಂಚೆ ಯಾವ ಕ್ರಮದಲ್ಲಿ ಪರೀಕ್ಷಿಸಬೇಕು

ಮಾಣಿಕ್ಯವೂ ನೀಲವೂ ಒಂದೇ ಖನಿಜ. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಕೂಡಿ ಹರಳುಗಟ್ಟಿದರೆ ಕುರುಂದ. ಕತ್ತಿ-ಚಾಕು ಮಸೆಯುವ ಸಾಣೆಗೆ ಬಳಸುತ್ತ ಬಂದದ್ದೂ ಇದನ್ನೇ. ಇಂಗ್ಲಿಷಿನ ‘ಕೊರಂಡಮ್’ ಎಂಬ ಹೆಸರು ಹುಟ್ಟಿದ್ದು ದಕ್ಷಿಣ ಭಾರತದ ಈ ಮಾತಿನಿಂದ. ಅಪ್ಪಟ ಕುರುಂದಕ್ಕೆ ಬಣ್ಣವೇ ಇಲ್ಲ. ಅದರೊಳಗೆ ನೂರಕ್ಕೆ ಒಂದರಷ್ಟೋ ಇನ್ನೂ ಕಡಿಮೆಯೋ ಕ್ರೋಮಿಯಂ ಸೇರಿದರೆ ಮಾಣಿಕ್ಯ, ಅಂದರೆ ನಮ್ಮ ಮನೆಮಾತಿನ ಕೆಂಪು. ಕಬ್ಬಿಣ ಮತ್ತು ಟೈಟಾನಿಯಂ ಚೂರೇ ಚೂರು ಜೊತೆಯಾಗಿ ಸೇರಿದರೆ ನೀಲ. ಕಬ್ಬಿಣ ಬೇರೆ ರೀತಿಯಲ್ಲಿ ಕೂತರೆ ಹಳದಿ, ಅದೇ ಅಂಗಡಿಯ ಪುಷ್ಯರಾಗ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಮೂರರದ್ದೂ 9. ಇವುಗಳಿಗಿಂತ ಮೇಲಿರುವುದು 10ರ ವಜ್ರ.

ಹರಳು ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಇದು ಬರ್ಮಾದ್ದಾ, ಸಿಲೋನಿನದ್ದಾ?’ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇದು ನಿಜಕ್ಕೂ ಕುರುಂದವೇ? ಭೂಮಿಯಲ್ಲಿ ಬೆಳೆದದ್ದೇ, ಕುಲುಮೆಯಲ್ಲಿ ಬೆಳೆಸಿದ್ದೇ? ಅಗೆದು ತೆಗೆದ ಮೇಲೆ ಇದಕ್ಕೆ ಏನೇನು ಮಾಡಿದ್ದಾರೆ? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲಷ್ಟೇ ಊರಿನ ಮಾತು. ಕೆಳಗಿರುವುದು ಇದೇ ಕ್ರಮ.

1. ಮೊದಲು ಬೆಳಕು ಸರಿಮಾಡಿಕೊಳ್ಳಿ

ಅಂಗಡಿಯ ಹಳದಿ ದೀಪದಡಿ ಸಾಧಾರಣ ಕೆಂಪೂ ಕೆಂಡದಂತೆ ಕಾಣುತ್ತದೆ. ಅದೇ ದೀಪದಡಿ ಒಳ್ಳೆಯ ನೀಲ ಮಸಿಯಂತೆ ಕಪ್ಪಾಗುತ್ತದೆ. ಎರಡನ್ನೂ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ, ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ನೋಡಿ. ಕೆಳಗೆ ಬಿಳಿ ಕಾಗದ ಇರಲಿ. ಹಳದಿ ಬಟ್ಟೆ, ಹಿತ್ತಾಳೆ ತಟ್ಟೆ, ಬಣ್ಣದ ಪೊಟ್ಟಣ, ಯಾವುದೂ ಬೇಡ.

ಬಣ್ಣ ನೋಡಿದ ಮೇಲೆ ಹರಳನ್ನು ಮುಖ ಮೇಲೆ ಮಾಡಿ ಪತ್ರಿಕೆಯ ಅಕ್ಷರದ ಮೇಲಿಡಿ. ನಡುವಿನಲ್ಲಿ ಅಕ್ಷರ ಓದಲು ಬಂದರೆ ತಳ ತೀರಾ ಚಪ್ಪಟೆ. ಬೆಳಕು ತಿರುಗಿ ಕಣ್ಣಿಗೆ ಬರದೆ ಕೆಳಗೆ ಸೋರಿಹೋಗುತ್ತಿದೆ. ನಡುಭಾಗ ಯಾವಾಗಲೂ ಪೇಲವವಾಗಿಯೇ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾದ ದೋಷ ಹೊಟ್ಟೆ ಊದಿದ ಹರಳು. ತೂಕ ಉಳಿಸಲೆಂದು ತಳವನ್ನು ದಪ್ಪ ಬಿಟ್ಟಿರುತ್ತಾರೆ. ಉಂಗುರದೊಳಗೆ ಹೂತುಹೋಗುವ, ಎಂದೂ ಕಾಣದ ಆ ಭಾಗಕ್ಕೂ ನೀವು ಕ್ಯಾರೆಟ್ ಲೆಕ್ಕದಲ್ಲೇ ದುಡ್ಡು ಕೊಡುತ್ತೀರಿ.

ತೂಕದ ಮಾತು ಬಂತು. ಕ್ಯಾರೆಟ್ ಎಂದರೆ ನಿಖರವಾಗಿ 0.2 ಗ್ರಾಂ. ರತ್ತಿ ಹಾಗಲ್ಲ. ಹಳೆಯ ಗುಲಗಂಜಿ ತೂಕದ ರತ್ತಿ ಸುಮಾರು 0.12 ಗ್ರಾಂ, ಅಂದರೆ 0.6 ಕ್ಯಾರೆಟ್. ಪೇಟೆಯಲ್ಲಿ ಹಲವರು ಹೇಳುವ ರತ್ತಿ ಸುಮಾರು 0.9 ಕ್ಯಾರೆಟ್. ಹಾಗಾಗಿ ಜ್ಯೋತಿಷಿ ಬರೆದುಕೊಟ್ಟ ‘ಐದು ರತ್ತಿ’ ಒಂದು ಲೆಕ್ಕದಲ್ಲಿ 3 ಕ್ಯಾರೆಟ್, ಇನ್ನೊಂದರಲ್ಲಿ 4.5. ಚೀಟಿ ಬರೆದವರನ್ನೇ ಕ್ಯಾರೆಟ್ಟಿನಲ್ಲಿ ಎಷ್ಟೆಂದು ಕೇಳಿ. ಬಿಲ್ಲಿನಲ್ಲಿ ಕ್ಯಾರೆಟ್ಟನ್ನೇ ಬರೆಸಿಕೊಳ್ಳಿ.

2. ನೀರಿನಲ್ಲಿ ತೂಗಿ ನೋಡಿ

ಕಟ್ಟಿಸದ ಬಿಡಿ ಹರಳಾದರೆ ಮನೆಯಲ್ಲೇ ಮಾಡಬಹುದಾದ ಅತ್ಯಂತ ನಂಬಿಕಸ್ಥ ಪರೀಕ್ಷೆ ಇದು. ಬೇಕಾದದ್ದು 0.01 ಗ್ರಾಂವರೆಗೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಸಣ್ಣ ಲೋಟ, ತೆಳ್ಳನೆಯ ನೈಲಾನ್ ದಾರ.

ಮೊದಲು ಹರಳನ್ನು ಒಣಗಿರುವಾಗ ತೂಗಿ ಬರೆದುಕೊಳ್ಳಿ. ಲೋಟಕ್ಕೆ ಅರ್ಧಕ್ಕಿಂತ ಹೆಚ್ಚು ನೀರು ಹಾಕಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿ. ಅದಿಲ್ಲದಿದ್ದರೆ ಹರಳಿಗೆ ಗಾಳಿಗುಳ್ಳೆ ಅಂಟಿ ಲೆಕ್ಕ ಕೆಡುತ್ತದೆ. ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಈಗ ಹರಳನ್ನು ದಾರದಲ್ಲಿ ಕಟ್ಟಿ ನೀರೊಳಗೆ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳವನ್ನಾಗಲಿ ಪಕ್ಕವನ್ನಾಗಲಿ ಮುಟ್ಟಬಾರದು. ತಕ್ಕಡಿ ಏರಿಸಿ ತೋರಿಸುವ ಅಂಕಿ ಹರಳು ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಕುರುಂದದ್ದು 4.00, ಕೊಂಚ ಅತ್ತಿತ್ತ.

8 ಕ್ಯಾರೆಟ್ಟಿನ, ಅಂದರೆ 1.60 ಗ್ರಾಮಿನ ಹಳದಿ ಹರಳು ತೆಗೆದುಕೊಳ್ಳಿ. ನಿಜವಾದ ಹಳದಿ ಕುರುಂದವಾದರೆ ತಕ್ಕಡಿ 0.40 ತೋರಿಸುತ್ತದೆ. 0.45 ಬಂದರೆ ಟೋಪಾಜ್. 0.60 ಬಂದರೆ ಸಿಟ್ರಿನ್, ಪೇಟೆಯಲ್ಲಿ ‘ಸುನೇಲಾ’ ಎನ್ನುವ ಅಗ್ಗದ ಕಲ್ಲು. 0.28ರ ಹತ್ತಿರ ಬಂದರೆ ಅಮೆರಿಕನ್ ಡೈಮಂಡ್ ಎಂದು ಮಾರುವ ಜಿರ್ಕೋನಿಯಾ. ಪುಷ್ಯರಾಗದ ಹೆಸರಿನಲ್ಲಿ ಹಿಂದಿನಿಂದಲೂ ಟೋಪಾಜ್ ಓಡಾಡಿದೆ, ನಿಘಂಟುಗಳಲ್ಲೂ ಹಾಗೇ ಇದೆ. ಆದರೆ ಇವತ್ತು ಅಂಗಡಿಯವರು ಹೇಳುವ ಬೆಲೆ ಹಳದಿ ಕುರುಂದದ್ದು. ಅದಕ್ಕೇ ಈ ಪರೀಕ್ಷೆ ಪುಷ್ಯರಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಉಪಯೋಗ.

ಎರಡು ಎಚ್ಚರಿಕೆ. 5 ಕ್ಯಾರೆಟ್ಟಿಗಿಂತ ಚಿಕ್ಕ ಹರಳಿಗೆ ಈ ತಕ್ಕಡಿ ಸಾಲದು. 1 ಗ್ರಾಮಿನ ಹರಳಿನಲ್ಲಿ 0.01 ಗ್ರಾಂ ತಪ್ಪಿದರೆ ಉತ್ತರ 3.85ರಿಂದ 4.17ರವರೆಗೆ ಓಲಾಡುತ್ತದೆ, 0.001 ಗ್ರಾಂ ತೋರಿಸುವ ತಕ್ಕಡಿ ಬೇಕು. ಮತ್ತೆ, ಕುಲುಮೆಯಲ್ಲಿ ಬೆಳೆಸಿದ ಕುರುಂದವೂ ಕುರುಂದವೇ. ಇಲ್ಲಿ ಅದೂ 4.00 ಎಂದೇ ಪಾಸಾಗುತ್ತದೆ.

3. ಕೆಂಪು ಕಲ್ಲನ್ನು ತಿರುಗಿಸಿ ನೋಡಿ

ಕೆಂಪು ಹರಳಿನಲ್ಲಿ ಮೋಸ ಮಾಡುವ ಸೋದರರು ಇಬ್ಬರು, ಸ್ಪಿನೆಲ್ ಮತ್ತು ಗಾರ್ನೆಟ್. ಬ್ರಿಟಿಷ್ ಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಸುಮಾರು 170 ಕ್ಯಾರೆಟ್ಟಿನ ಸ್ಪಿನೆಲ್. ಅರಸರೇ ಏಮಾರಿದ ಕಲ್ಲಿನ ಮುಂದೆ ನಾವು ಬರಿಗಣ್ಣನ್ನು ನಂಬಿ ಕೂರುವಂತಿಲ್ಲ. ಸ್ಪಿನೆಲ್ಲಿನ ಸಾಂದ್ರತೆ 3.6, ನೀರಿನಲ್ಲೇ ಸಿಕ್ಕಿಬೀಳುತ್ತದೆ. ಗಾರ್ನೆಟ್ಟಿನದು ಕೆಲವೊಮ್ಮೆ 4ರ ಹತ್ತಿರವೇ ಬರುತ್ತದೆ, ಹಾಗಾಗಿ ಇನ್ನೊಂದು ಪರೀಕ್ಷೆ ಬೇಕು.

ಕುರುಂದದೊಳಗೆ ಬೆಳಕು ಎರಡಾಗಿ ಒಡೆಯುತ್ತದೆ, ಎರಡಕ್ಕೂ ಬೇರೆ ಬೇರೆ ಬಣ್ಣ. ಡೈಕ್ರೊಸ್ಕೋಪ್ ಎಂಬ ಬೆರಳುದ್ದದ ಕೊಳವೆಯಲ್ಲಿ ನೋಡಿದರೆ ಎರಡೂ ಪಕ್ಕಪಕ್ಕದಲ್ಲೇ ಕಾಣುತ್ತವೆ. ಮಾಣಿಕ್ಯದಲ್ಲಿ ನೇರಳೆಗೆಂಪು ಮತ್ತು ಕಿತ್ತಳೆಗೆಂಪು, ನೀಲದಲ್ಲಿ ನೇರಳೆ ನೀಲಿ ಮತ್ತು ಹಸಿರು ನೀಲಿ. ಕೊಳವೆ ಇಲ್ಲದಿದ್ದರೆ ಪೋಲರಾಯ್ಡ್ ತಂಪು ಕನ್ನಡಕ ಸಾಕು: ಹರಳಿನ ಹಿಂದೆ ಬಿಳಿ ಬೆಳಕಿಟ್ಟು, ಕನ್ನಡಕದ ಗಾಜನ್ನು ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಬಣ್ಣದ ಛಾಯೆ ಬದಲಾಗುತ್ತ ಹೋದರೆ ಕುರುಂದದ ಕಡೆಗೆ ಸೂಚನೆ. ಗಾರ್ನೆಟ್, ಸ್ಪಿನೆಲ್, ಗಾಜು ಕದಲುವುದಿಲ್ಲ. ಒಂದು ದಿಕ್ಕಿನಲ್ಲಿ ಮಾತ್ರ ಕುರುಂದವೂ ಎರಡು ಬಣ್ಣ ತೋರಿಸದು, ಆದ್ದರಿಂದ ಹರಳನ್ನು ಮೂರು ಮಗ್ಗುಲಿಂದಲಾದರೂ ನೋಡಿ.

365 ನ್ಯಾನೊಮೀಟರಿನ ಯುವಿ ಟಾರ್ಚ್ ಸಿಕ್ಕರೆ ಕತ್ತಲ ಕೋಣೆಯಲ್ಲಿ ಹಾಯಿಸಿ. ಕಬ್ಬಿಣ ಕಡಿಮೆ ಇರುವ ಮಾಣಿಕ್ಯ ಒಲೆಯ ಕೆಂಡದಂತೆ ಹೊಳೆಯುತ್ತದೆ. ಕಬ್ಬಿಣ ಹೆಚ್ಚಿರುವ ಥಾಯ್ಲೆಂಡಿನ ಕಲ್ಲು ಮಂಕು. ಗಾರ್ನೆಟ್ ಸುಮ್ಮನೆ ಕಪ್ಪಗಿರುತ್ತದೆ. ಆದರೆ ಅತಿ ಜೋರಾಗಿ ಹೊಳೆಯುವುದು ಬಹಳ ಸಲ ಕೃತಕ ಮಾಣಿಕ್ಯವೇ, ಆದ್ದರಿಂದ ಹೊಳಪು ಕಂಡೊಡನೆ ಹಿಗ್ಗಬೇಡಿ.

4. ಭೂತಗನ್ನಡಿಯ ಕೆಲಸ

ಹತ್ತು ಪಟ್ಟು ತೋರಿಸುವ ಲೂಪ್ ತೆಗೆದುಕೊಂಡು ಕಣ್ಣಿಗೆ ಆನಿಸಿ ಹಿಡಿಯಿರಿ. ಹರಳು ಅದರಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿರಲಿ. ದೂಳು ಒಳಗಿನ ಕಲೆಯಂತೆ ಕಾಣುತ್ತದೆ, ಮೊದಲು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಬೆಳಕು ಮುಂದಿನಿಂದ ಬೇಡ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಕೊಡಿ.

ಭೂಮಿಯಲ್ಲಿ ಬೆಳೆದ ಕುರುಂದದೊಳಗೆ ಅದರ ಹುಟ್ಟಿನ ಗುರುತು ಇರುತ್ತದೆ. ರೇಷ್ಮೆ ಎಳೆಯಂಥ, ರೂಟೈಲ್ ಎಂಬ ಟೈಟಾನಿಯಂ ಖನಿಜದ ಸೂಜಿಗಳು ಮೂರು ದಿಕ್ಕಿನಲ್ಲಿ 60 ಡಿಗ್ರಿಗೆ ಒಂದನ್ನೊಂದು ದಾಟುತ್ತವೆ. ಬಣ್ಣ ಕೂತ ಪಟ್ಟೆಗಳು ನೇರ, ತಿರುವಿದರೆ ಆರುಮೂಲೆಯ ಕೋನದಲ್ಲಿ ತಿರುಗುತ್ತವೆ. ಹೆಬ್ಬೆಟ್ಟಿನ ಗುರುತಿನಂಥ ಮಾಸಿದ ಬಲೆ ಕಾಣಬಹುದು.

ಕೃತಕದಲ್ಲಿ ಸಾಲುಗಳು ಬಾಗಿರುತ್ತವೆ. ಫ್ರಾನ್ಸಿನ ಆಗಸ್ಟ್ ವೆರ್ನೈ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಲ್ಯೂಮಿನಾ ಪುಡಿ ಉರಿಯ ಮೂಲಕ ಉದುರಿ, ಕರಗಿ, ದುಂಡನೆಯ ಗಟ್ಟಿಯ ಮೇಲೆ ಪದರ ಪದರವಾಗಿ ಕೂರುತ್ತದೆ. ಆ ಪದರಗಳೇ ಗ್ರಾಮಫೋನ್ ತಟ್ಟೆಯ ಗೀರಿನಂತೆ ಬಾಗಿ ಕಾಣುವುದು. ಜೊತೆಗೆ ದುಂಡು ಗಾಳಿಗುಳ್ಳೆ, ಕೆಲವಕ್ಕೆ ಗೊದಮೊಟ್ಟೆಯ ಬಾಲ. ಬಿಳಿ ಪಿಂಗಾಣಿ ಬಟ್ಟಲಿನ ನೀರಿನಲ್ಲಿ ಹರಳನ್ನು ಮುಳುಗಿಸಿ ನೋಡಿದರೆ ಮೇಲ್ಮೈಯ ಹೊಳಪು ಅಡ್ಡ ಬರದೆ ಪಟ್ಟೆ ನೇರವೋ ಬಾಗಿದೆಯೋ ಸ್ಪಷ್ಟವಾಗುತ್ತದೆ. ನೀಲದಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಕೆಂಪಿನಲ್ಲಿ ಕೊಂಚ ತಾಳ್ಮೆ ಬೇಕು.

‘ಅಜ್ಜಿಯ ಕಾಲದ ಕೆಂಪಿನ ಓಲೆ, ಆಗ ಮೋಸ ಎಲ್ಲಿತ್ತು’ ಎನ್ನುವ ಮಾತು ಮನೆಮನೆಯಲ್ಲೂ ಇದೆ. ಕೃತಕ ಮಾಣಿಕ್ಯ 20ನೆಯ ಶತಮಾನದ ಮೊದಲ ದಶಕದಲ್ಲೇ ರಾಶಿ ರಾಶಿಯಾಗಿ ಪೇಟೆಗೆ ಬಂದಿತ್ತು. ಒಡವೆಯ ವಯಸ್ಸು ಹರಳಿಗೆ ಸಾಕ್ಷಿಯಲ್ಲ. ಓಲೆ, ಬುಗುಡಿ, ಜಡೆಬಿಲ್ಲೆಗಳಲ್ಲಿ ಹರಳಿನ ಬೆನ್ನು ಮುಚ್ಚಿ, ಕೆಳಗೆ ಹೊಳೆಯುವ ಹಾಳೆ ಇಟ್ಟಿರುತ್ತಾರೆ; ಬಣ್ಣ ಹೆಚ್ಚಿಸುವುದು ಆ ಹಾಳೆ. ಅದನ್ನು ಬಿಚ್ಚದೆ ಖಚಿತ ಮಾತು ಹೇಳುವುದು ಕಷ್ಟ. ಪರೀಕ್ಷೆಗೆಂದು ಅದನ್ನು ನೀರಿಗೂ ಹಾಕಬೇಡಿ, ನೀರು ನುಗ್ಗಿದರೆ ಹಾಳೆ ಕಪ್ಪಾಗಿ ಹರಳು ಸತ್ತಂತೆ ಕಾಣುತ್ತದೆ.

5. ಏನು ಮಾಡಿದ್ದಾರೆ?

ಹಣ ಹೆಚ್ಚು ಕಳೆದುಹೋಗುವ ಜಾಗ ಇದು. ‘ನ್ಯಾಚುರಲ್’ ಎಂಬ ಪದ ಹರಳು ನೆಲದಲ್ಲಿ ಬೆಳೆದದ್ದು ಎನ್ನುತ್ತದೆ, ಅಷ್ಟೇ. ಅದಕ್ಕೆ ಏನೂ ಮಾಡಿಲ್ಲ ಎನ್ನುವುದಿಲ್ಲ.

ಬರಿಯ ಬಿಸಿ ಕೊಡುವುದು ವ್ಯಾಪಾರದಲ್ಲಿ ಒಪ್ಪಿತವಾದದ್ದು. 1,600 ಡಿಗ್ರಿ ಸೆಲ್ಸಿಯಸ್ ಮೀರಿದ ಕುಲುಮೆಯಲ್ಲಿ ರೇಷ್ಮೆಯ ಎಳೆ ಕರಗಿ, ಅದರೊಳಗಿನ ಟೈಟಾನಿಯಂ ಕಬ್ಬಿಣದ ಜೊತೆ ಸೇರಿ ನೀಲಿ ಏರುತ್ತದೆ. ಶ್ರೀಲಂಕಾದ ‘ಗೆವುಡ’ ಎಂಬ ಹಾಲುಬಿಳಿ ಕಲ್ಲನ್ನು ಹಿಂದೆ ಯಾರೂ ಮೂಸುತ್ತಿರಲಿಲ್ಲ. 1970ರ ದಶಕದಿಂದ ಥಾಯ್ಲೆಂಡಿನವರು ಅದನ್ನು ಕಾಯಿಸಿ ಒಳ್ಳೆಯ ನೀಲವಾಗಿಸಿದರು. ಬಿಸಿಯಿಂದ ಬಂದ ಬಣ್ಣ ಶಾಶ್ವತ. ಕಾಯಿಸಿದ್ದನ್ನು ಕಾಯಿಸಿದ್ದೆಂದು ಹೇಳಿ ಮಾರಿದರೆ ಕೊಳ್ಳಲು ಅಡ್ಡಿಯಿಲ್ಲ. ಕಾಯಿಸದ ಹರಳಿನ ಬೆಲೆ ಕೇಳಿದರೆ ಮಾತ್ರ ಲ್ಯಾಬಿನ ಕಾಗದ ಕೇಳಿ.

ಬೆರಿಲಿಯಂ ಸೇರಿಸಿ ಕಾಯಿಸುವುದು ಬೇರೆಯೇ ವಿಷಯ. 2000ದ ಆಚೀಚೆ ಪೇಟೆಗೆ ನುಗ್ಗಿದ ಈ ವಿಧಾನದಲ್ಲಿ ಹೊರಗಿನ ಧಾತು ಹರಳಿನೊಳಕ್ಕೆ ಇಳಿದು ಹಳದಿ, ಕಿತ್ತಳೆ ಬಣ್ಣ ಹುಟ್ಟಿಸುತ್ತದೆ. ತುಂಬು ಹಳದಿಯ ಅಗ್ಗದ ಪುಷ್ಯರಾಗ ಕಂಡರೆ ಮೊದಲ ಅನುಮಾನ ಇದೇ ಇರಲಿ. ಲೂಪಿಗೆ ಇದು ಸಿಗುವುದಿಲ್ಲ, ದೊಡ್ಡ ಲ್ಯಾಬಿನ ಯಂತ್ರವೇ ಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಸೀಸದ ಗಾಜು ತುಂಬಿದ ಮಾಣಿಕ್ಯ. ಬಿರುಕು ಬಿಟ್ಟ, ಬೆಲೆಯಿಲ್ಲದ ಕಲ್ಲಿನ ಸಂದುಗಳಿಗೆ ಕರಗಿದ ಸೀಸದ ಗಾಜನ್ನು ಹರಿಸುತ್ತಾರೆ. ಗಾಜು ಬೆಳಕನ್ನು ಬಾಗಿಸುವ ಪ್ರಮಾಣ ಕುರುಂದಕ್ಕೆ ಹತ್ತಿರವಾದ್ದರಿಂದ ಬಿರುಕು ಕಣ್ಮರೆಯಾಗುತ್ತದೆ. ಹಿಡಿಯುವುದು ಹೀಗೆ: ಟಾರ್ಚನ್ನು ಹರಳಿನ ಅಂಚಿಗೆ ತಾಗಿಸಿ, ಲೂಪಿನಲ್ಲಿ ನೋಡುತ್ತ, ಹರಳನ್ನು ಕೂದಲೆಳೆಯಷ್ಟು ಓಲಿಸಿ. ಬಿರುಕಿನ ಜಾಡಿನಲ್ಲಿ ಒಂದು ಕ್ಷಣ ನವಿಲುಗರಿಯ ನೀಲಿ ಮಿಂಚಿ ಮಾಯವಾಗುತ್ತದೆ, ಕೆಲವೊಮ್ಮೆ ಕಿತ್ತಳೆ. ಅದೇ ಬಿರುಕಿನೊಳಗೆ ಚಪ್ಪಟೆ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಬೆಳಕನ್ನು ಮೇಲ್ಮೈ ಸವರುವಂತೆ ಹಾಯಿಸಿದರೆ ಗಾಜು ಹೊರಬಂದ ಕಡೆ ಜೇಡರ ಬಲೆಯಂಥ ಮಂಕು ಗೆರೆ. ಈ ಕಲ್ಲು ಮನೆಯ ನಿಂಬೆರಸಕ್ಕೂ ತಡೆಯದು. ಆಮ್ಲ ಗಾಜನ್ನು ತಿನ್ನುತ್ತದೆ, ಬಿಳಿ ಗೀರುಗಳು ಎದ್ದು ಬರುತ್ತವೆ. ಒಡವೆಯನ್ನು ಹುಣಸೆಹುಳಿಯಲ್ಲಿ ನೆನೆಸಿಟ್ಟು ತೊಳೆಯುವ ಅಭ್ಯಾಸ ಇರುವವರು ಇದನ್ನು ನೆನಪಿಡಬೇಕು.

6. ಕಾಗದ

ದುಬಾರಿ ಹರಳಿಗೆ ಜಿಐಎ, ಎಸ್‌ಎಸ್‌ಇಎಫ್, ಗುಬೆಲಿನ್‌ನಂಥ ಲ್ಯಾಬಿನ ವರದಿ, ಇಲ್ಲವೇ ಭಾರತದ ಹೆಸರಾಂತ ಲ್ಯಾಬಿನದ್ದು ಇರಲಿ. ವರದಿಯ ನಂಬರನ್ನು ಲ್ಯಾಬಿನ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ನಂತರ ಹರಳನ್ನು ತೂಗಿ, ವರ್ನಿಯರಿನಲ್ಲಿ ಉದ್ದ, ಅಗಲ, ಆಳ ಅಳೆಯಿರಿ. ಕಾಗದ ನಿಜ, ಹರಳು ಬೇರೆ ಎನ್ನುವ ಮೋಸ ಎರಡನೆಯ ದಶಮಾಂಶದಲ್ಲಿ ಹೊರಬೀಳುತ್ತದೆ. ಓದಬೇಕಾದ ಸಾಲು ‘ಟ್ರೀಟ್‌ಮೆಂಟ್’ ಅಥವಾ ‘ಕಾಮೆಂಟ್ಸ್’. ‘ನೋ ಇಂಡಿಕೇಷನ್ಸ್ ಆಫ್ ಹೀಟಿಂಗ್’ ಎಂದರೆ ಕಾಯಿಸಿದ ಗುರುತಿಲ್ಲ. ‘ಕಾಂಪೋಸಿಟ್’, ‘ಗ್ಲಾಸ್ ಫಿಲ್ಡ್’ ಎಂದಿದ್ದರೆ ಹರಳನ್ನು ಅಲ್ಲೇ ಬಿಟ್ಟು ಬನ್ನಿ. ‘ಸಿಂಥೆಟಿಕ್’, ‘ಲ್ಯಾಬ್ ಗ್ರೋನ್’ ಎಂದರೆ ಬೆಳೆಸಿದ್ದು.

7. ಈಗ ಊರಿನ ಮಾತು

ಮ್ಯಾನ್ಮಾರಿನ ಮೊಗೋಕ್ ಕಣಿವೆಯ ಕೆಂಪು ಹುಟ್ಟಿದ್ದು ಅಮೃತಶಿಲೆಯಲ್ಲಿ. ಅಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಬಿಸಿಲಲ್ಲೂ ಒಳಗಿನಿಂದ ಉರಿದಂತೆ ಕಾಣುವುದು. ಥಾಯ್ಲೆಂಡಿನ ಕೆಂಪು ಬಸಾಲ್ಟ್ ಜೊತೆ ಬಂದದ್ದು, ಕಬ್ಬಿಣ ಹೆಚ್ಚು, ಬಣ್ಣ ಗಾಢ. ಮೊಜಾಂಬಿಕ್‌ನ ಮೊಂಟೆಪುಯೆಜ್‌ನಲ್ಲಿ 2009ರಲ್ಲಿ ಸಿಕ್ಕ ಗಣಿ ಇಂದಿನ ಪೇಟೆಯನ್ನೇ ಬದಲಿಸಿದೆ. 2023ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 34.8 ಮಿಲಿಯನ್ ಡಾಲರಿಗೆ ಹೋದ 55.22 ಕ್ಯಾರೆಟ್ಟಿನ ‘ಎಸ್ಟ್ರೆಲಾ ದೆ ಫುರಾ’ ಅಲ್ಲಿಯದೇ. ಬರ್ಮಾದ್ದೇ ಬೇಕೆಂದು ಹಟ ಹಿಡಿದು ಮಂಕು ಕಲ್ಲು ತರುವುದಕ್ಕಿಂತ ಒಳ್ಳೆಯ ಮೊಜಾಂಬಿಕ್ ಕಲ್ಲು ಮೇಲು.

ನೀಲದಲ್ಲಿ ಕಾಶ್ಮೀರದ್ದೇ ಹಿರಿತನ. ಪಾಡರ್ ಪ್ರದೇಶದ ಎತ್ತರದಲ್ಲಿ 1881ರ ಸುಮಾರಿಗೆ ಗುಡ್ಡ ಕುಸಿದಾಗ ಕಂಡ ನಿಕ್ಷೇಪ ಕೆಲವೇ ವರ್ಷಗಳಲ್ಲಿ ಬಹುಪಾಲು ಬರಿದಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಬೆಳಕನ್ನು ಚದುರಿಸಿ ಮಖಮಲ್ಲಿನ ಮೆತ್ತನೆ ಕೊಡುತ್ತವೆ. ಇಂದು ‘ಕಾಶ್ಮೀರಿ ನೀಲಂ’ ಎಂದು ಸಲೀಸಾಗಿ ತೋರಿಸುವ ಅಂಗಡಿಯಲ್ಲಿ ದೊಡ್ಡ ಲ್ಯಾಬಿನ ಕಾಗದವಿಲ್ಲದೆ ಮಾತು ಮುಂದುವರಿಸಬೇಡಿ. ಶ್ರೀಲಂಕಾದ ರತ್ನಪುರದಲ್ಲಿ ಗುಂಡಿ ತೋಡಿ, ‘ಇಲ್ಲಂ’ ಎಂಬ ಜಲ್ಲಿಪದರವನ್ನು ಬುಟ್ಟಿಯಲ್ಲಿ ತೊಳೆದು ಹರಳು ಆರಿಸುತ್ತಾರೆ. ಅಲ್ಲಿನ ತಾವರೆ ಬಣ್ಣದ, ಗುಲಾಬಿ-ಕಿತ್ತಳೆ ಕುರುಂದಕ್ಕೆ ‘ಪದ್ಪರಾದ್ಷಾ’ ಎನ್ನುತ್ತಾರೆ, ನಮ್ಮ ‘ಪದ್ಮರಾಗ’ ಎಂಬ ಪದದಿಂದಲೇ ಬಂದ ಹೆಸರದು. ಪದ ಒಂದೇ ಆದರೂ ನಮ್ಮ ಶಾಸ್ತ್ರದಲ್ಲಿ ಪದ್ಮರಾಗ ಎಂದರೆ ಕೆಂಪು. ಬಿಲ್ಲಿನಲ್ಲಿ ಈ ಹೆಸರಿದ್ದರೆ ಯಾವುದೆಂದು ಕೇಳಿ. ಮಡಗಾಸ್ಕರಿನ ನೀಲ ಸಿಲೋನಿನದಕ್ಕೆ ಎಷ್ಟು ಹೋಲುತ್ತದೆಂದರೆ ಲ್ಯಾಬಿನವರೂ ಸೂಕ್ಷ್ಮ ಧಾತುಗಳನ್ನು ಅಳೆದು ಅಭಿಪ್ರಾಯ ಕೊಡುತ್ತಾರೆ. ವರದಿಯಲ್ಲಿ ಊರು ಎಂಬುದು ಅಭಿಪ್ರಾಯವೇ.

ಕರ್ನಾಟಕದಲ್ಲೂ ಕೆಂಪು ಕುರುಂದವಿದೆ, ಮೈಸೂರಿನ ಭಾಗದಲ್ಲಿ, ಸುಬ್ರಹ್ಮಣ್ಯದ ಸುತ್ತಲ ಘಟ್ಟದಲ್ಲಿ. ಬಹುಪಾಲು ಬೆಳಕು ದಾಟದ, ನೇರಳೆ ಬೆರೆತ ಕಲ್ಲು. ಮುಖ ಕೊಯ್ಯದೆ ಗುಮ್ಮಟದಂತೆ ಉಜ್ಜುತ್ತಾರೆ. ಕೆಲವದರಲ್ಲಿ ಆರು ಕಾಲಿನ ನಕ್ಷತ್ರ ಏಳುತ್ತದೆ. ಒಂದೇ ಬಲ್ಬಿನಡಿ ಓಲಿಸಿ: ನಕ್ಷತ್ರ ಬೆಳಕಿನೊಂದಿಗೆ ಜಾರಬೇಕು, ಕಾಲುಗಳು ಅಷ್ಟಿಷ್ಟು ಸೊಟ್ಟಗಿರಬೇಕು, ಬೆನ್ನು ಒರಟಾಗಿರಬೇಕು. ಗೆರೆ ಎಳೆದಂಥ ಚೂಪು ಕಾಲುಗಳಿದ್ದರೆ ಕೃತಕ. ಕಾಡಿನಿಂದ ಕದ್ದು ತೆಗೆದ ಹರಳುಕಲ್ಲನ್ನು ಗುಟ್ಟಾಗಿ ಮಾರಲು ಬರುವವರಿಂದ ಕೊಂಡರೆ ಕೇಸಿನಲ್ಲಿ ಸಿಕ್ಕಿಕೊಳ್ಳುವ ಭಯವೂ ಉಂಟು. ಗಣಿಗಿಂತ ನಮ್ಮ ನಾಡಿಗೆ ಪೇಟೆಯ ಹೆಸರೇ ದೊಡ್ಡದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಾಣಿಕ್ಯ, ಮುತ್ತು, ವಜ್ರ, ಪಚ್ಚೆಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

8. ನಂಬಿಕೆಯಿಂದ ಧರಿಸುವವರಿಗೆ

ಗರುಡ ಪುರಾಣದ ಪ್ರಕಾರ ಬಲಾಸುರನ ರಕ್ತ ಮಾಣಿಕ್ಯವಾಯಿತು, ಕಣ್ಣು ಇಂದ್ರನೀಲವಾಯಿತು. ನವರತ್ನದಲ್ಲಿ ಮಾಣಿಕ್ಯ ಸೂರ್ಯನದು, ಭಾನುವಾರ ಉಂಗುರಬೆರಳಿಗೆ. ನೀಲ ಶನಿಯದು, ಶನಿವಾರ ನಡುಬೆರಳಿಗೆ. ಪುಷ್ಯರಾಗ ಗುರುವಿನದು, ಗುರುವಾರ ತೋರುಬೆರಳಿಗೆ. ನೀಲವನ್ನು ಮೂರು ದಿನ ದಿಂಬಿನ ಕೆಳಗಿಟ್ಟು ಕನಸು ನೋಡಿ ಧರಿಸುವ ರೂಢಿ ಇಂದಿಗೂ ಇದೆ. ಆ ಮೂರು ದಿನಕ್ಕೆ ಹರಳನ್ನು ವಾಪಸ್ ತೆಗೆದುಕೊಳ್ಳುವ ಮಾತನ್ನು ಬಿಲ್ಲಿನಲ್ಲೇ ಬರೆಸಿ, ಅದೇ ಅವಧಿಯಲ್ಲಿ ಲ್ಯಾಬಿಗೂ ತೋರಿಸಿ. ಹರಳು ಗ್ರಹಫಲ ಬದಲಿಸುತ್ತದೆ ಎಂಬುದಕ್ಕೆ ವಿಜ್ಞಾನದ ಆಧಾರವಿಲ್ಲ. ಆದರೆ ಶ್ರದ್ಧೆಯಿಂದ ಧರಿಸುವವರಿಗೂ ಶಾಸ್ತ್ರ ಹೇಳುವುದು ದೋಷವಿಲ್ಲದ ರತ್ನವನ್ನೇ. ಅಂಥವರಿಗೆ ಗಾಜು ತುಂಬಿದ ಕಲ್ಲನ್ನು ಕೊಡುವುದು ಎರಡು ಪಟ್ಟು ಅನ್ಯಾಯ.

ಹಾಲಿಗೆ ಹಾಕಿದರೆ ಹಾಲು ಕೆಂಪಾಗುತ್ತದೆ, ನೀಲಿಯಾಗುತ್ತದೆ ಎಂಬ ಪರೀಕ್ಷೆಯನ್ನು ಬಿಟ್ಟುಬಿಡಿ. ಬಣ್ಣದ ಗಾಜೂ ಅದೇ ಛಾಯೆ ಕೊಡುತ್ತದೆ. ತುಟಿಗೆ ತಾಗಿಸಿದಾಗ ತಣ್ಣಗಿರುವುದು ಗಾಜಲ್ಲ ಎನ್ನುವುದಕ್ಕಷ್ಟೇ ಸೂಚನೆ.

9. ಕಟ್ಟಿಸುವಾಗ

ಮೈಗೆ ತಾಗಲೆಂದು ತಳ ತೆರೆದು ಕಟ್ಟಿಸಿದ ಉಂಗುರದಲ್ಲಿ ಸೋಪು, ಎಣ್ಣೆ, ಪೂಜೆಯ ಹಾಲು-ತುಪ್ಪ ಕೂತು ವಾರದಲ್ಲೇ ಹರಳು ಮಂಕಾಗುತ್ತದೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಮಕ್ಕಳ ಮೆತ್ತನೆ ಬ್ರಷ್ ಸಾಕು. ಗಡಸು ಹರಳೆಂದು ವಜ್ರದ ಒಡವೆಯ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ, ವಜ್ರ ಇದನ್ನು ಗೀರುತ್ತದೆ.

ಉಂಗುರ ದೊಡ್ಡದು ಮಾಡಿಸುವಾಗ ಹರಳನ್ನು ಬಿಚ್ಚಿಸಿಯೇ ಬೆಸುಗೆ ಹಾಕಿಸಿ. ಒಳ್ಳೆಯ ಕುರುಂದ ಉರಿಯನ್ನು ತಾಳಬಹುದು, ಆದರೆ ಬೆಸುಗೆಯ ಬಿಳಿಗಾರ ಬಿಸಿಯಲ್ಲಿ ಅದರ ಮೈಯನ್ನು ತಿಂದು ಹೊಳಪು ಕೆಡಿಸುತ್ತದೆ. ಗಾಜು ತುಂಬಿದ್ದಾದರೆ ಉರಿ ತಾಗಿದೊಡನೆ ಗಾಜು ಕುದಿದು ಹೊರಬರುತ್ತದೆ. ಅಕ್ಕಸಾಲಿಯ ಕೈಗೆ ಕೊಡುವ ಮುಂಚೆ ಹರಳಿನ ತೂಕ, ಮೂರು ಅಳತೆ, ಒಳಗಿನ ಒಂದು ಗುರುತಿನ ಜಾಗ ಬರೆದಿಟ್ಟುಕೊಂಡು, ಲೂಪಿಗೆ ಮೊಬೈಲ್ ಕ್ಯಾಮೆರಾ ಆನಿಸಿ ಆ ಗುರುತಿನ ಫೋಟೊ ತೆಗೆದುಕೊಳ್ಳಿ. ವಾಪಸ್ ಬಂದಾಗ ಮೊದಲು ನೋಡಬೇಕಾದದ್ದು ಅದೇ ಗುರುತು.